ದಿನಕ್ಕೆ ನಾಲ್ಕು ದಾರ: ಮಾಗಿ ಚಳಿಯಲ್ಲಿ ಮನೆಯಲ್ಲೇ ಕೌದಿ ಹೊಲಿಯುವ ಬಗೆ

ನಮ್ಮ ದೊಡ್ಡವ್ವ ಕೌದಿ, ಅಂದರೆ ಹಳೆ ಬಟ್ಟೆಗಳನ್ನು ಪದರವಾಗಿ ಸೇರಿಸಿದ ಹೊದಿಕೆ, ಹೊಲಿಯಲು ಕೂತಾಗ ಗಡಿಯಾರದ ಕಡೆ ನೋಡಿದ್ದೇ ನೆನಪಿಲ್ಲ. ಬೆಳಿಗ್ಗೆ ರೊಟ್ಟಿ ಬಡಿದು ಮುಗಿಸಿ, ಕಟ್ಟೆಯ ಮೇಲೆ ಎಳೆ ಬಿಸಿಲು ಬಿದ್ದ ಮೇಲೆ, ನಾಲ್ಕು ಸೂಜಿಗೆ ದಾರ ಪೋಣಿಸಿ ಸೆರಗಿಗೆ ಚುಚ್ಚಿಕೊಂಡು ಕೂರುತ್ತಿದ್ದಳು. ನಾಲ್ಕೂ ಖಾಲಿಯಾದವೋ, ಎದ್ದುಬಿಡುವುದು. "ಇನ್ನೊಂದ್ ಸಾಲು ಹಾಕಿಬಿಡು" ಅಂದರೆ "ದಾರ ಮುಗೀತು, ಇವತ್ತಿಂದೂ ಮುಗೀತು" ಅನ್ನೋಳು. ಸಂಕ್ರಾಂತಿಯ ಹೊತ್ತಿಗೆ ಮನೆಯಲ್ಲಿ ಒಂದು ಹೊಸ ಕೌದಿ ಇದ್ದೇ ಇರುತ್ತಿತ್ತು.

ನಾನು ಮೊದಲ ಕೌದಿಯನ್ನು ಒಂದೇ ವಾರದಲ್ಲಿ ಮುಗಿಸಿಬಿಡುತ್ತೇನೆ ಅಂತ ಹಟ ಹಿಡಿದೆ. ದಿನಕ್ಕೆ ನಾಲ್ಕು ತಾಸು. ಮೂರನೇ ದಿನ ಕುತ್ತಿಗೆ ಹಿಡಿಯಿತು, ನಾಲ್ಕನೇ ದಿನ ಕೌದಿಯನ್ನು ಉಟ್ಟ ಸೀರೆಯ ಸಮೇತ ಹೊಲಿದಿದ್ದು ಏಳುವಾಗ ಗೊತ್ತಾಯಿತು, ಐದನೇ ದಿನ ಅದು ಟ್ರಂಕು ಸೇರಿತು. ಎರಡು ವರ್ಷ ಅಲ್ಲೇ ಇತ್ತು. ಆಮೇಲೆ ದೊಡ್ಡವ್ವನ ಲೆಕ್ಕಕ್ಕೇ ಮರಳಿದೆ. ಈ ಬರಹ ಆ ಲೆಕ್ಕದ್ದು: ಒಂದು ಹಳೆ ಹತ್ತಿ ಸೀರೆ, ಒಂದಿಷ್ಟು ಚಿಂದಿ, ದಿನಕ್ಕೆ ನಾಲ್ಕು ದಾರ. ಡಿಸೆಂಬರ್ 16ರ ಸುಮಾರಿಗೆ ಧನುರ್ಮಾಸ ಹಿಡಿಯುತ್ತದಲ್ಲ, ಅಂದು ಮೊದಲ ಹೊಲಿಗೆ ಹಾಕಿದರೆ ಸಂಕ್ರಾಂತಿಗೆ ಕೌದಿ ಕೈಗೆ ಬರುತ್ತದೆ. ನಡುವೆ ನಾಲ್ಕೈದು ದಿನ ಸೂಜಿ ಮುಟ್ಟದಿದ್ದರೂ ನಡೆಯುತ್ತದೆ.

ಚಳಿಗಾಲವೇ ಯಾಕೆ? ಮೇ ತಿಂಗಳಲ್ಲಿ ಐದು ಪದರದ ಬಟ್ಟೆಯನ್ನು ತೊಡೆಯ ಮೇಲೆ ಹರವಿಕೊಂಡು ಕೂತು ನೋಡಿ, ತಿಳಿಯುತ್ತದೆ. ಮಾಗಿಯಲ್ಲಿ ಹಾಗಲ್ಲ, ಹೊಲಿಯುವಾಗಲೇ ಅದು ಕಾಲಿಗೆ ಹೊದಿಕೆ. ಸೂರ್ಯ ದಕ್ಷಿಣಕ್ಕೆ ವಾಲಿ ಕೆಳಗಿರುವುದರಿಂದ ದಕ್ಷಿಣದ ಕಿಟಕಿಯಿಂದ ಬಿಸಿಲು ಮನೆಯೊಳಗೆ ದೂರದವರೆಗೂ ಬರುತ್ತದೆ. ಒಗೆದ ಬಟ್ಟೆ ಒಣಗುತ್ತದೆ. ಮಳೆಗಾಲದಲ್ಲಿ ಇದೇ ಕೆಲಸ ಹಿಡಿದರೆ ಮುಗ್ಗಲು ವಾಸನೆಯ ಕೌದಿ ಸಿಗುತ್ತದೆ.

ಮೊದಲು ಬಟ್ಟೆ

6 ಗಜದ ಸೀರೆ ಅಂದರೆ 216 ಇಂಚು ಉದ್ದ, ಅಗಲ ಸುಮಾರು 45 ಇಂಚು. ಉದ್ದಕ್ಕೆ 36 ಇಂಚಿನಂತೆ ಕತ್ತರಿಸಿದರೆ 36×45 ಇಂಚಿನ ಆರು ತುಂಡು ಬರುತ್ತವೆ. ಮೊದಲ ಕೌದಿಗೆ ಈ ಅಳತೆಯೇ ಸಾಕು. ಕೂತಾಗ ಕಾಲಿಗೆ ಹೊದೆಯಬಹುದು, ಮಗುವನ್ನು ನೆಲದ ಮೇಲೆ ಮಲಗಿಸಲು ಹಾಸಬಹುದು. (ಒಂದು ವರ್ಷದೊಳಗಿನ ಕೂಸಿಗೆ ಹಾಸಲು ಮಾತ್ರ. ನಿದ್ದೆಯಲ್ಲಿ ಸಡಿಲ ಹೊದಿಕೆ ಮುಖದ ಮೇಲೆ ಬಂದರೆ ಅಪಾಯ.) ಡಬಲ್ ಮಂಚಕ್ಕೆ ಹೊಲಿಯುವ ಆಸೆ ಈ ವರ್ಷ ಬೇಡ.

ಸೀರೆ ಹತ್ತಿಯದ್ದೇ ಆಗಿರಬೇಕು. ನೋಡಿ ಗೊತ್ತಾಗದಿದ್ದರೆ ಅಂಚಿನಿಂದ ಒಂದೆರಡು ಎಳೆ ಕಿತ್ತು, ಚಿಮಟಿಗೆಯಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ ಕಡ್ಡಿ ಗೀರಿ. ಹತ್ತಿ ಕಾಗದದಂತೆ ಉರಿದು ಮೆತ್ತನೆಯ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಮುದುಡಿ, ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾಗಿ ನಿಲ್ಲುತ್ತದೆ. ಆ ಬಟ್ಟೆ ಜಾರುತ್ತದೆ, ಸೂಜಿಗೆ ಒಗ್ಗುವುದಿಲ್ಲ, ಬೆವರು ಹೀರುವುದಿಲ್ಲ. ನೆನಪಿನ ಸೀರೆ ಅಂತ ಮನಸ್ಸು ತಡೆಯದಿದ್ದರೆ ಮೇಲೆ ಒಂದು ತೇಪೆಯಾಗಿ ಇಡಿ, ಪದರವಾಗಿ ಬೇಡ. ಇಳಕಲ್ ಸೀರೆಯಿದ್ದರೆ ಮೈ ಭಾಗ ಹತ್ತಿಯದ್ದೋ ಅಂತ ನೋಡಿಕೊಳ್ಳಿ. ಸೆರಗು ಸಾಮಾನ್ಯವಾಗಿ ರೇಷ್ಮೆ ಅಥವಾ ಕೃತಕ ರೇಷ್ಮೆ, ಒಗೆದಾಗ ಮೈಯಂತೆ ಕುಗ್ಗುವುದಿಲ್ಲ. ಸೆರಗನ್ನು ಬೇರೆ ತೆಗೆದಿಡಿ.

ಬಟ್ಟೆಯಲ್ಲಿ ಜೀವ ಇದೆಯೋ ಇಲ್ಲವೋ ನೋಡಲು ಎರಡು ಹೆಬ್ಬೆರಳ ನಡುವೆ ಹಿಡಿದು ಜಗ್ಗಿ. ಚರ್‍ ಅಂದರೆ ಆ ಭಾಗ ಒಳಪದರಕ್ಕೆ. ಜಗ್ಗಿದರೂ ಜಗ್ಗದ ಭಾಗ ಕೆಳಪದರಕ್ಕೆ, ಯಾಕೆಂದರೆ ಹೆಚ್ಚು ತಿಕ್ಕಾಟ ಅದಕ್ಕೇ. ಬೆಳಕಿಗೆ ಹಿಡಿದರೆ ಸವೆದ ಜಾಗ ಜರಡಿಯಂತೆ ಕಾಣುತ್ತದೆ.

ಚಿಂದಿಗೆ ಧೋತರ, ಹಳೆ ಅಂಗಿ, ಜಂಪರ್, ದಿಂಬಿನ ಚೀಲ, ಟೈಲರ್ ಅಂಗಡಿಯ ಕತ್ತರಿ ತುಂಡು ಏನಾದರೂ ಆದೀತು. ಗುಳೇದಗುಡ್ಡದ ಖಣದ (ಕುಪ್ಪಸದ ಬಟ್ಟೆಯ) ಒಂದು ಗೇಣು ಸಿಕ್ಕರೆ ಕೌದಿಗೆ ಕಳೆ ಬರುತ್ತದೆ. ಆದರೆ ಎಲ್ಲವನ್ನೂ ಮೊದಲು ಒಗೆಯಿರಿ. ಕೆಂಪು, ಕಡುನೀಲಿ, ಮರೂನ್ ಬಟ್ಟೆಗಳನ್ನು ಬಕೆಟ್ಟಿನಲ್ಲಿ ಬೇರೆಯಾಗಿ ನೆನೆಸಿ, ನೀರು ತಿಳಿಯಾಗುವವರೆಗೆ ಬದಲಿಸುತ್ತಿರಿ. ಕೊನೆಗೆ ಒದ್ದೆ ಬಟ್ಟೆಯ ಮೇಲೆ ಬಿಳಿ ಕರವಸ್ತ್ರ ಒತ್ತಿ ನೋಡಿ. ಇನ್ನೂ ಬಣ್ಣ ಹತ್ತಿದರೆ ಆ ತುಂಡು ಬೇಡ. ಉಪ್ಪು, ವಿನೆಗರ್ ಹಾಕಿದರೆ ಬಣ್ಣ ನಿಲ್ಲುತ್ತದೆ ಅಂತ ಹೇಳುತ್ತಾರೆ. ಈಗಿನ ಬಣ್ಣಗಳ ಮುಂದೆ ಅದರ ಆಟ ನಡೆಯುವುದಿಲ್ಲ. ನಾನು ನಂಬಿ ಕೆಟ್ಟವಳು. ಅಪ್ಪನ ಬಿಳಿ ಧೋತರ ಕೆಳಗೆ ಹಾಕಿ ಹೊಲಿದ ಕೌದಿ ಮೊದಲ ಒಗೆತಕ್ಕೇ ಗುಲಾಬಿಯಾಯಿತು. ಅಪ್ಪ ಅದನ್ನೇ ಹೊದ್ದು ಮಲಗುತ್ತಿದ್ದರು ಅನ್ನುವುದು ಬೇರೆ ಮಾತು.

ಸೂಜಿ, ದಾರ, ಮೇಣ

ಗೋಣಿಚೀಲ ಹೊಲಿಯುವ ದಬ್ಬಣ ಬೇಡ, ಸೀರೆಗೆ ಫಾಲ್ ಹಚ್ಚುವ ಸಣ್ಣ ಸೂಜಿಯೂ ಬೇಡ. ಕಸೂತಿಗೆ ಬಳಸುವ, ಕಣ್ಣು ದೊಡ್ಡದಿರುವ, ತುದಿ ಚೂಪಾದ ಸೂಜಿ ಬೇಕು, ಸುಮಾರು 4 ಸೆಂ.ಮೀ. ಉದ್ದದ್ದು. ಅಂಥವು ನಾಲ್ಕು. ದಾರಕ್ಕೆ ಆರು ಎಳೆಯ ಹತ್ತಿ ಕಸೂತಿ ದಾರ ತಂದು ಮೂರು-ಮೂರು ಎಳೆಯಾಗಿ ಬಿಡಿಸಿಕೊಳ್ಳಿ. 8 ಮೀಟರಿನ ಐದು ಲಡಿ ಸಾಕು. ಜೇನುಮೇಣದ ಒಂದು ತುಂಡು ಇರಲಿ, ಇಲ್ಲದಿದ್ದರೆ ಬಿಳಿ ಮೇಣದಬತ್ತಿ. ದಾರವನ್ನು ಅದರ ಮೇಲೆ ಒಮ್ಮೆ ಎಳೆದು ಬೆರಳಲ್ಲಿ ನೀವಿದರೆ ಗಂಟು ಬೀಳುವುದು ಎಷ್ಟೋ ಕಡಿಮೆಯಾಗುತ್ತದೆ. ನಡುಬೆರಳಿಗೆ ಅಂಗುಸ್ತಾನ (ಸೂಜಿ ದೂಡಲು ಬೆರಳ ತುದಿಗೆ ಹಾಕುವ ಟೋಪಿ) ಬೇಕೇ ಬೇಕು. ಮೊದಲೆರಡು ದಿನ ಅದು ಅಡ್ಡಿ ಅನ್ನಿಸುತ್ತದೆ, ಮೂರನೇ ದಿನ ಅದಿಲ್ಲದೆ ಕೈ ಓಡುವುದಿಲ್ಲ.

ದಾರದ ಉದ್ದ ಒಂದೂವರೆ ಮೊಳ, ಅಂದರೆ 27 ಇಂಚು. ಈ ಅಳತೆ ಮುಖ್ಯ. ಮತ್ತೆಮತ್ತೆ ಪೋಣಿಸುವ ಬೇಸರಕ್ಕೆ ಎರಡು ಮಾರು ದಾರ ಹಾಕಿದರೆ ಪ್ರತಿ ಸಲ ಕೈ ಚಾಚಿ ಎಳೆದು ಭುಜ ಸೋಲುತ್ತದೆ, ಐದು ಪದರದೊಳಗೆ ಉಜ್ಜಿ ಉಜ್ಜಿ ದಾರವೂ ಜೂಲಾಗುತ್ತದೆ. 27 ಇಂಚಿನ ದಾರದಿಂದ ಸುಮಾರು 20 ಇಂಚು ಹೊಲಿಗೆ ಬರುತ್ತದೆ, ಹೊಲಿಯಲು ಕಾಲು ತಾಸು. ನಾಲ್ಕು ದಾರಕ್ಕೆ ಒಂದು ತಾಸು. ಇಡೀ ಕೌದಿಗೆ ನೂರರ ಹತ್ತಿರ ದಾರ ಬೇಕಾಗುತ್ತದೆ, ಆ ಲೆಕ್ಕ ಮುಂದೆ ಬರುತ್ತದೆ.

ಪದರ ಹಾಸುವುದು

ಇದಕ್ಕೆ ಒಂದು ಇಡೀ ಬೆಳಿಗ್ಗೆ ತೆಗೆದಿಡಿ. ಮನೆಯಲ್ಲಿ ಮಕ್ಕಳಿದ್ದರೆ ಅವರು ಶಾಲೆಗೆ ಹೋದ ಮೇಲೆ.

ನೆಲ ಒರೆಸಿ ಒಣಗಿಸಿ. ಇಸ್ತ್ರಿ ಹಾಕಿದ ಕೆಳಪದರವನ್ನು (36×45) ಒಳಮೈ ಮೇಲೆ ಬರುವಂತೆ ಹಾಸಿ, ನಾಲ್ಕೂ ಬದಿಗೆ ಕಾಗದದ ಟೇಪು ಅಂಟಿಸಿ. ಬಟ್ಟೆ ಸುಕ್ಕಿಲ್ಲದೆ ಕೂರಬೇಕು, ಡೊಳ್ಳಿನ ಚರ್ಮದಂತೆ ಬಿಗಿಯಬಾರದು. ಬಿಗಿದರೆ ಟೇಪು ಬಿಚ್ಚಿದ ಕೂಡಲೇ ಒಳಗೆ ಮುದುಡುತ್ತದೆ. ಮೇಲಿನ ಮೂರು ಪದರಗಳನ್ನು ನಾಲ್ಕೂ ಕಡೆ ಒಂದೂವರೆ ಇಂಚು ಕಡಿಮೆ ಮಾಡಿ, ಅಂದರೆ 33×42ಕ್ಕೆ, ಕತ್ತರಿಸಿ ನಡುವೆ ಹಾಸಿ. ಒಂದೊಂದನ್ನೂ ಹಾಸಿದ ಮೇಲೆ ಅಂಗೈಯಿಂದ ನಡುವಿನಿಂದ ಅಂಚಿಗೆ ನೀವಿ. ಹೀಗೆ ಕೆಳಗಿನದು ಒಂದು, ಒಳಗಿನವು ಮೂರು, ಮೇಲೆ ತೇಪೆಗಳದ್ದು ಒಂದು, ಒಟ್ಟು ಐದು ಪದರ. ಆರು ದಾಟಿದರೆ ಸೂಜಿ ದೂಡಲು ಬೆರಳು ಸೋಲುತ್ತದೆ. ಹಿಮ ಬೀಳುವ ಊರಲ್ಲಿರುವ ನಮ್ಮವರು ಒಳಗಿನ ಎರಡು ಪದರದ ಬದಲು ಒಂದು ಹಳೆ ಹತ್ತಿ ಫ್ಲಾನೆಲ್ ಹಾಕಿಕೊಳ್ಳಬಹುದು. ಉಣ್ಣೆ ಮಾತ್ರ ಬೇಡ, ಒಗೆದರೆ ಕುಗ್ಗುತ್ತದೆ.

ಈಗ ಕಚ್ಚಾ ಹೊಲಿಗೆ. ಬೇರೆ ಬಣ್ಣದ ಯಾವುದಾದರೂ ದಾರದಲ್ಲಿ, ನಡುವಿನಿಂದ ಶುರುಮಾಡಿ ಅಂಚಿನ ಕಡೆಗೆ, ಗೇಣಿಗೊಂದು ಸಾಲಿನಂತೆ, ಎರಡೆರಡು ಇಂಚಿನ ದೊಡ್ಡ ಹೊಲಿಗೆ ಹಾಕಿ. ನಡುವಿನಿಂದ ಶುರುಮಾಡಿದರೆ ಸುಕ್ಕು ಹೊರಗೆ ಹೋಗುತ್ತದೆ, ಅಂಚಿನಿಂದ ಶುರುಮಾಡಿದರೆ ಅದು ನಡುವೆ ಬಂದು ಗುಡ್ಡೆ ಕಟ್ಟುತ್ತದೆ. ಬೇಸರದ ಕೆಲಸ, ನಿಜ. ಆದರೆ ಆಮೇಲೆ ತಿಂಗಳಿಡೀ ಬಟ್ಟೆ ಎಲ್ಲಿ ಬೇಕಾದರೂ ಮಡಚಿಕೊಂಡು ಕೂರಬಹುದು, ಸರಿಯುವುದಿಲ್ಲ.

ಮೂರು ದಿನ ಹೊಲಿಯಬೇಡಿ

ನಮ್ಮಂಥ ಅವಸರದವರಿಗೆ ಕಷ್ಟವಾಗುವುದು ಇಲ್ಲೇ. ತೇಪೆಗಳನ್ನು ಮೇಲೆ ಹರವಿ ಹಾಗೇ ಬಿಟ್ಟುಬಿಡಿ. ಹೋಗುವಾಗ ಬರುವಾಗ, ಚಹಾ ಲೋಟ ಹಿಡಿದು ನಿಂತಾಗ, ಒಂದು ತುಂಡು ಎತ್ತಿ ಬೇರೆಡೆ ಇಡಿ. ಮೊದಲ ದಿನ ಎಲ್ಲ ಚಂದದ ತುಂಡುಗಳೂ ನಡುವೆ ಬಂದು ಕೂತಿರುತ್ತವೆ. ಎರಡನೇ ದಿನ ಅದು ಕಣ್ಣಿಗೆ ಕುತ್ತತೊಡಗುತ್ತದೆ. ಮೂರನೇ ದಿನ ತಾವಾಗೇ ಹರಡಿಕೊಂಡಿರುತ್ತವೆ.

ನಾನು ಪಾಲಿಸುವ ನಿಯಮ ಒಂದೇ: ಎಲ್ಲಕ್ಕಿಂತ ಗಾಢವಾದ ಬಣ್ಣದ ಬಟ್ಟೆ ಕನಿಷ್ಠ ಐದು ಜಾಗದಲ್ಲಿ ಬರಬೇಕು. ಒಂದೇ ಕಡೆ ಇದ್ದರೆ ಕಲೆ, ಐದು ಕಡೆ ಇದ್ದರೆ ಚಿತ್ತಾರ. ಅನುಮಾನ ಬಂದರೆ ಮೊಬೈಲಿನಲ್ಲಿ ಫೋಟೋ ತೆಗೆದು ಕಪ್ಪು-ಬಿಳುಪು ಮಾಡಿ ನೋಡಿ. ಬಣ್ಣ ಹೋದ ಮೇಲೆ ತಿಳಿ-ಗಾಢ ಎಲ್ಲಿ ಗುಂಪಾಗಿದೆ ಅನ್ನುವುದು ಎದ್ದು ಕಾಣುತ್ತದೆ. ಈ ಇಡೀ ಕೆಲಸದಲ್ಲಿ ಮೊಬೈಲಿಗೆ ಇರುವ ಪಾತ್ರ ಇಷ್ಟೇ, ಹೊಲಿಯುವ ತಾಸು ಅದು ಬೇರೆ ಕೋಣೆಯಲ್ಲಿರಲಿ. ರೇಡಿಯೋ ಪರವಾಗಿಲ್ಲ, ಅದು ಕಣ್ಣು ಕೇಳುವುದಿಲ್ಲ.

ತೇಪೆಗಳು ಒಂದರ ಮೇಲೊಂದು ಮುಕ್ಕಾಲು ಇಂಚಾದರೂ ಏರಿರಬೇಕು. ಚೌಕವೇ ಆಗಬೇಕೆಂದಿಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿ ಹೆಂಗಸರ ಕವಂದಿ (ಅವರ ಕೌದಿಯ ಹೆಸರು) ನೋಡಿದವರಿಗೆ ಇದು ಗೊತ್ತು. ಆಫ್ರಿಕಾ ಮೂಲದ ಈ ಜನ ಇಲ್ಲಿಯವರೇ ಆಗಿ ಶತಮಾನಗಳು ಕಳೆದಿವೆ. ಅವರ ಕವಂದಿಯಲ್ಲಿ ಉದ್ದ ಪಟ್ಟಿ, ಗಿಡ್ಡ ಚೌಕ, ಅಂಗಿಯ ಜೇಬು ಎಲ್ಲ ಒಟ್ಟಿಗೆ ಬಾಳುತ್ತವೆ. ಒಂದು ಮೂಲೆಯಿಂದ ಹಿಡಿದು ಅಂಚಿನಗುಂಟ ಸುತ್ತುತ್ತ ನಡುವಿಗೆ ಬರುತ್ತಾರೆ. ಕೊನೆಗೆ ನಾಲ್ಕೂ ಮೂಲೆಗೆ ಬಟ್ಟೆ ಮಡಚಿ ಮಾಡಿದ ತ್ರಿಕೋನ ಕೂರಿಸುತ್ತಾರೆ, ಅದಕ್ಕೆ ಫುಲ ಅನ್ನುತ್ತಾರೆ. ಫುಲ ಇಲ್ಲದ ಕವಂದಿ ಅವರ ಕಣ್ಣಿಗೆ ಬತ್ತಲೆ. ನಾನು ಇಲ್ಲಿ ಹೇಳುವುದೂ ಅಂಚಿನಿಂದ ನಡುವಿಗೆ ಸುತ್ತುವ ಹಾದಿಯನ್ನೇ. ನೇರ ಸಾಲು ಹಾಕಿದರೆ ಸಾಲು ಸೊಟ್ಟಗಾದದ್ದು ಕಾಣುತ್ತದೆ, ಸುತ್ತಿನಲ್ಲಿ ಕಾಣುವುದಿಲ್ಲ.

ಮಹಾರಾಷ್ಟ್ರದ ಗೋಧಡಿ, ಬಂಗಾಳದ ಕಾಂತಾ, ಬಿಹಾರದ ಸುಜನಿ ಎಲ್ಲದರ ಅಡಿಗಿರುವುದೂ ಇದೇ ಓಟದ ಹೊಲಿಗೆ, ಅಂದರೆ ಸೂಜಿಯನ್ನು ಮೇಲೆ ಕೆಳಗೆ ಆಡಿಸುತ್ತ ಮುಂದೆ ಸಾಗುವ ಹೊಲಿಗೆ. ಕಸೂತಿ ಬೇರೆ. ಅಲ್ಲಿ ಎಳೆ ಎಣಿಸಿ ಗವಂತಿ, ಮುರ್ಗಿ ಅನ್ನುವ ಹೊಲಿಗೆ ಹಾಕಬೇಕು, ಒಂದು ಎಳೆ ತಪ್ಪಿದರೆ ಬಿಚ್ಚಬೇಕು. ಚಳಿಗಾಲದ ಸಂಜೆ ಬೇಗ ಕತ್ತಲಾಗುತ್ತದೆ, ಮಂದ ಬೆಳಕಿನಲ್ಲಿ ಕಸೂತಿ ಹಿಡಿದರೆ ಕಣ್ಣು ನೋಯುತ್ತದೆ. ಕೌದಿಗೆ ಆ ಕಾಟ ಇಲ್ಲ. ಅರ್ಧ ಹೊಲಿಗೆಯನ್ನು ಬೆರಳೇ ನೋಡಿಕೊಳ್ಳುತ್ತದೆ.

ಹೊಲಿಗೆ

ತೇಪೆಗಳ ಜಾಗ ಗಟ್ಟಿಯಾದ ಮೇಲೆ ಗುಂಡುಪಿನ್ನು ಚುಚ್ಚಿ. ಮೊದಲು ಅಂಚು: ಹೊರಗೆ ಉಳಿದ ಒಂದೂವರೆ ಇಂಚನ್ನು ಅರ್ಧ ಇಂಚು ಒಳಗೆ ಮಡಚಿ, ಉಳಿದ ಒಂದು ಇಂಚನ್ನು ಮೇಲಕ್ಕೆ ತಿರುವಿ, ಅದೇ ಪಟ್ಟಿಯಾಗಿ ಕೂರುವಂತೆ ಹೊಲಿಯಿರಿ. ಮೂಲೆಗೆ ಬಂದಾಗ ತುದಿಯನ್ನು ಒಳಗೆ ಮಡಚಿ ಆಮೇಲೆ ಎರಡು ಬದಿ ತಿರುವಿದರೆ ಮೂಲೆ ಚೊಕ್ಕ ಬರುತ್ತದೆ.

ದಾರದ ತುದಿಗೆ ಗಂಟು ಹಾಕಿ. ಹೊಲಿಗೆ ಶುರುವಾಗುವ ಜಾಗಕ್ಕಿಂತ ಒಂದು ಇಂಚು ಹಿಂದೆ ಸೂಜಿ ಇಳಿಸಿ, ಪದರದ ನಡುವೆಯೇ ತೂರಿ ಮೇಲೆ ತನ್ನಿ. ಮೆಲ್ಲಗೆ ಜಗ್ಗಿದರೆ 'ಟಪ್' ಅಂತ ಸಣ್ಣ ಸದ್ದಾಗಿ ಗಂಟು ಬಟ್ಟೆಯೊಳಗೆ ಇಳಿದು ಕೂರುತ್ತದೆ. ಆ ಸದ್ದು ಕೇಳುವುದೇ ಒಂದು ಖುಷಿ. ಈಗ ಬಲಗೈಯಲ್ಲಿ ಸೂಜಿ, ಎಡಗೈ ಬಟ್ಟೆಯ ಅಡಿಯಲ್ಲಿ. ಸೂಜಿಯ ಮೊನೆ ಕೆಳಗಿನ ತೋರುಬೆರಳಿಗೆ ಸೋಕಿತೋ ಇಲ್ಲವೋ, ಕೂಡಲೇ ಮೇಲಕ್ಕೆ ತಿರುಗಿಸಿ. ಸೋಕಲಿಲ್ಲ ಅಂದರೆ ಕೊನೆಯ ಪದರ ತಪ್ಪಿದೆ ಅಂತ ಲೆಕ್ಕ. ಮೂರೋ ನಾಲ್ಕೋ ಹೊಲಿಗೆಯನ್ನು ಸೂಜಿಯ ಮೇಲೆ ಏರಿಸಿಕೊಂಡು, ಅಂಗುಸ್ತಾನದಿಂದ ದೂಡಿ, ಒಟ್ಟಿಗೆ ಎಳೆಯಿರಿ.

ಹೊಲಿಗೆ ಅಕ್ಕಿಕಾಳಿನಷ್ಟು, ನಡುವಿನ ಖಾಲಿಯೂ ಅಷ್ಟೇ. ದಾರ ಬಟ್ಟೆಯ ಮೇಲೆ ಮಲಗುವಷ್ಟು ಎಳೆಯಬೇಕು. ಬಟ್ಟೆ ನೆರಿಗೆ ಕಟ್ಟಿದರೆ ಜಾಸ್ತಿಯಾಯಿತು, ಬೆರಳಾಡಿಸಿದಾಗ ದಾರ ಎದ್ದು ಬಂದರೆ ಕಡಿಮೆಯಾಯಿತು. ಮೊದಲ ಸುತ್ತಿನ ಹೊಲಿಗೆ ಒಂದು ಜೋಳದಷ್ಟು, ಒಂದು ಶೇಂಗಾದಷ್ಟು ಬರುತ್ತದೆ. ಬಿಚ್ಚಬೇಡಿ. ಐದನೇ ಸುತ್ತಿನಲ್ಲಿ ಕೈ ತಾನಾಗಿ ಒಂದು ಅಳತೆಗೆ ಬರುತ್ತದೆ, ಆ ಬದಲಾವಣೆ ಕೌದಿಯ ಮೇಲೇ ಉಳಿಯುತ್ತದೆ.

ಅಂಚು ಮುಗಿದ ಮೇಲೆ ಬೆರಳಗಲ ಬಿಟ್ಟು ಎರಡನೇ ಸುತ್ತು, ಹೀಗೆ ಒಳಗೊಳಗೆ. ತೇಪೆಯ ಅಂಚು ಬಂದಾಗ ಅದನ್ನು ಕಾಲು ಇಂಚು ಒಳಗೆ ಮಡಚಿ, ಸೂಜಿಯ ಮೊನೆಯಿಂದಲೇ ಒಳಕ್ಕೆ ತುರುಕಿ, ಅದರ ಪಕ್ಕದಲ್ಲೇ ಒಂದು ಸಾಲು ಹೊಲಿದು ಮುಂದೆ ಹೋಗಿ. ದಾರ ನಾಲ್ಕು ಬೆರಳು ಉಳಿದಾಗ ಅದೇ ಜಾಗದಲ್ಲಿ ಎರಡು ಹಿಮ್ಮುಖ ಹೊಲಿಗೆ ಹಾಕಿ, ಸೂಜಿಯನ್ನು ಪದರದ ನಡುವೆ ತೂರಿಸಿ ದೂರದಲ್ಲಿ ತೆಗೆದು ಕತ್ತರಿಸಿ.

ಲೆಕ್ಕ ಬೇಕಾದವರಿಗೆ: ಮುಗಿದ ಕೌದಿ 33×42 ಇಂಚು, ಸುತ್ತಿನ ನಡುವೆ ಮುಕ್ಕಾಲು ಇಂಚು, ಅಂದರೆ ಒಟ್ಟು ಹೊಲಿಗೆ ಸುಮಾರು 1,850 ಇಂಚು. ದಾರಕ್ಕೆ 20 ಇಂಚಿನಂತೆ 92 ದಾರ. ತೇಪೆಯ ಅಂಚಿನದ್ದೂ ಸೇರಿ ನೂರು. ದಿನಕ್ಕೆ ನಾಲ್ಕಾದರೆ 25 ದಿನ.

ನಾಲ್ಕು ಸೂಜಿಯ ಶಿಸ್ತು

ರಾತ್ರಿ ಮಲಗುವ ಮುಂಚೆ ಅಥವಾ ಬೆಳಿಗ್ಗೆ ಚಹಾ ಆದ ಮೇಲೆ ನಾಲ್ಕು ಸೂಜಿಗೂ ದಾರ ಪೋಣಿಸಿ ಸೂಜಿ ಚುಚ್ಚುವ ಪುಟ್ಟ ದಿಂಬಿಗೆ ಚುಚ್ಚಿಡಿ. ಐದನೆಯದು ಇಲ್ಲ. ಮನಸ್ಸು ಓಡುತ್ತಿದ್ದರೂ ಇಲ್ಲ. ಇಲ್ಲಿ ತಾಸಿನ ಲೆಕ್ಕ ಹಿಡಿದರೆ ಕೆಡುತ್ತದೆ. 'ಒಂದು ತಾಸು' ಅಂದುಕೊಂಡು ಕೂತರೆ ಕೊನೆಯ ಹತ್ತು ನಿಮಿಷ ಗಡಿಯಾರ ನೋಡುವುದರಲ್ಲೇ ಹೋಗುತ್ತದೆ, ಇಲ್ಲವೇ ಆ ತಾಸಿನಲ್ಲಿ ಎಷ್ಟು ಹೆಚ್ಚು ಹೊಲಿಯಬಹುದು ಅಂತ ಕೈ ಓಡುತ್ತದೆ. ದಾರದ ಲೆಕ್ಕದಲ್ಲಿ ಬೇಗ ಹೊಲಿದರೆ ಏನೂ ಲಾಭವಿಲ್ಲ, ಬೇಗ ಎದ್ದು ಪಾತ್ರೆ ತೊಳೆಯಬೇಕು ಅಷ್ಟೇ. ಹಾಗಾಗಿ ಕೈ ತಾನೇ ನಿಧಾನವಾಗುತ್ತದೆ. ಕಚೇರಿಯಿಂದ ಸುಸ್ತಾಗಿ ಬಂದ ದಿನ ಒಂದೇ ದಾರ ಹೊಲಿಯಿರಿ, ಉಳಿದ ಮೂರು ಅಲ್ಲೇ ಇರುತ್ತವೆ. ಆದರೆ ಮರುದಿನ ಅವನ್ನು ಸೇರಿಸಿ ಏಳು ಮಾಡಬೇಡಿ. ಮತ್ತೆ ನಾಲ್ಕೇ.

ಒಂದು ದಾರ ಮುಗಿದಾಗ ತಲೆ ಎತ್ತಿ ದೂರದ್ದು ಏನಾದರೂ ನೋಡಿ. ಕುತ್ತಿಗೆ ಒಮ್ಮೆ ತಿರುಗಿಸಿ. ಕೂರುವ ಭಂಗಿ ಬದಲಿಸಿ: ಒಂದು ದಾರಕ್ಕೆ ಚಕ್ಕಳಮಕ್ಕಳ, ಇನ್ನೊಂದಕ್ಕೆ ಗೋಡೆಗೆ ಒರಗಿ ಕಾಲು ಚಾಚಿ. ಮಂಡಿ ನೋವಿದ್ದವರು ಖುರ್ಚಿಯಲ್ಲೇ ಕೂತು ಎದುರಿಗೆ ಸ್ಟೂಲ್ ಇಟ್ಟುಕೊಳ್ಳಿ, ಕೌದಿಯ ಭಾರ ಅದು ಹೊರಲಿ. ಬಲಗೈಯವರಿಗೆ ಬೆಳಕು ಎಡಗಡೆಯಿಂದ ಬರಬೇಕು, ಇಲ್ಲದಿದ್ದರೆ ಸ್ವಂತ ಕೈಯ ನೆರಳೇ ಹೊಲಿಗೆಯ ಮೇಲೆ. ರಾತ್ರಿ ಹೊಲಿಯುವುದಾದರೆ ಕಪ್ಪು ಬಟ್ಟೆಯ ಭಾಗವನ್ನು ಹಗಲಿಗೆ ಬಿಡಿ.

ಚಳಿಗೆ ಬೆರಳ ತುದಿ ಒಡೆದಿದ್ದರೆ ದಾರ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಕೊಬ್ಬರಿ ಎಣ್ಣೆಯನ್ನು ಮಲಗುವಾಗ ಹಚ್ಚಿ, ಹೊಲಿಯುವ ಮುಂಚೆ ಅಲ್ಲ. ಎಣ್ಣೆ ಕಲೆ ಹತ್ತಿಯಿಂದ ಸುಲಭಕ್ಕೆ ಹೋಗದು. ಬೆರಳಿಗೆ ಸೂಜಿ ಚುಚ್ಚಿ ರಕ್ತದ ಚುಕ್ಕೆ ಬಿದ್ದರೆ ಕೂಡಲೇ ತಣ್ಣೀರಲ್ಲಿ ಒರೆಸಿ. ಬಿಸಿನೀರು ತಾಗಿದರೆ ಕಲೆ ನಿಂತುಬಿಡುತ್ತದೆ. ಮತ್ತೆ, ಪ್ರತಿ ದಾರ ಮುಗಿದಾಗ ಕೌದಿ ಒಮ್ಮೆ ಎತ್ತಿ ನೋಡಿ, ಉಟ್ಟ ಬಟ್ಟೆ ಸೇರಿ ಬರುತ್ತಿಲ್ಲ ತಾನೇ?

ಹತ್ತನೇ ದಿನದ ಹೊತ್ತಿಗೆ ಬೇಸರ ಬರುತ್ತದೆ. ಸುತ್ತು ಇನ್ನೂ ದೊಡ್ಡದು, ನಡು ಇನ್ನೂ ದೂರ. ಆಗ ಯಾರನ್ನಾದರೂ ಪಕ್ಕಕ್ಕೆ ಕೂರಿಸಿಕೊಂಡು ಒಂದು ಸೂಜಿ ಕೊಡಿ, ಎದುರು ಬದಿಯಿಂದ ಹೊಲಿಯಲಿ. ನನ್ನ ಮಗ ಹತ್ತು ವರ್ಷದವನಿದ್ದಾಗ ಹಾಕಿದ ಒಂದು ಗೇಣು ಹೊಲಿಗೆ ನಮ್ಮ ಮನೆಯ ಕೌದಿಯಲ್ಲಿ ಹಾವಿನಂತೆ ಹರಿದಿದೆ. ಇಪ್ಪತ್ತನೇ ದಿನದ ಮೇಲೆ ಸುತ್ತು ಚಿಕ್ಕದಾಗುತ್ತ ಹೋಗುತ್ತದೆ, ಕೊನೆಕೊನೆಗೆ ಒಂದು ದಾರಕ್ಕೇ ಒಂದು ಸುತ್ತು ಮುಗಿಯುತ್ತದೆ. ಅವಸರ ಮತ್ತೆ ಹೆಗಲೇರುವುದು ಆಗಲೇ. ಕೊನೆಯ ಅಂಗೈಯಗಲದ ಜಾಗದಲ್ಲೇ ನನ್ನ ಹೊಲಿಗೆಗಳು ಅತಿ ಕೆಟ್ಟದಾಗಿ ಬಂದಿವೆ. ಅಲ್ಲೂ ನಾಲ್ಕೇ ದಾರ.

ಒಗೆಯುವುದು

ಕಚ್ಚಾ ಹೊಲಿಗೆ ಎಲ್ಲ ಕಿತ್ತು ತೆಗೆಯಿರಿ. ಹಿಂಬದಿಯ ಮೂಲೆಯಲ್ಲಿ ಬೇಕಾದರೆ ಇಸವಿ ಹೊಲಿಯಿರಿ. ತಣ್ಣೀರಿಗೆ ಸ್ವಲ್ಪ ಸೌಮ್ಯ ಸೋಪು ಹಾಕಿ ಹತ್ತು ನಿಮಿಷ ನೆನೆಸಿ, ಹಿಸುಕಿ ತೊಳೆಯಿರಿ. ಹಿಂಡಿ ತಿರುಚಬೇಡಿ. ನೀರು ಕುಡಿದ ಕೌದಿ ಬಲು ಭಾರ, ಒಂದೇ ತುದಿ ಹಿಡಿದು ಎತ್ತಿದರೆ ಹೊಲಿಗೆ ಕಿತ್ತು ಬರುತ್ತದೆ, ಎರಡೂ ಕೈಯಲ್ಲಿ ಮಗುವಿನ ಹಾಗೆ ಎತ್ತಿಕೊಳ್ಳಿ. ಒಂದೇ ಹಗ್ಗಕ್ಕೆ ನೇತುಹಾಕದೆ ಎರಡು ಹಗ್ಗದ ಮೇಲೆ, ಇಲ್ಲವೇ ತಾರಸಿಯ ಸ್ವಚ್ಛ ಗೋಡೆಯ ಮೇಲೆ, ಹಿಂಬದಿ ಬಿಸಿಲಿಗೆ ಬರುವಂತೆ ಹರವಿ.

ಒಣಗುತ್ತಿದ್ದಂತೆ ಹತ್ತಿ ಇನ್ನಷ್ಟು ಕುಗ್ಗಿ, ಪ್ರತಿ ಸುತ್ತಿನ ನಡುವೆ ಬಟ್ಟೆ ಸಣ್ಣಗೆ ಉಬ್ಬುತ್ತದೆ, ಕೆರೆಯ ನೀರಿಗೆ ಗಾಳಿ ಸೋಕಿದ ಹಾಗೆ. ಇಸ್ತ್ರಿ ಹಾಕಬೇಡಿ, ಕೌದಿಯ ಬೆಚ್ಚಗೆ ಆ ಉಬ್ಬಿನಲ್ಲೇ ಇರುವುದು. ಹೊಲಿಗೆ ವಕ್ರವಾದದ್ದೆಲ್ಲ ಈ ಸುಕ್ಕಿನಲ್ಲಿ ಅಡಗಿಹೋಗುತ್ತದೆ.

ಮುಂದೆ ಯಾವುದಾದರೂ ತೇಪೆ ಸವೆದು ಹರಿದರೆ ಕಿತ್ತು ತೆಗೆಯುವುದು ಬೇಡ, ಅದರ ಮೇಲೆ ಇನ್ನೊಂದು ಹಚ್ಚಿ. ಪೂರ್ತಿ ಜೀರ್ಣವಾದಾಗ ಅದನ್ನೇ ಒಳಪದರ ಮಾಡಿ ಮೇಲೆ ಕೆಳಗೆ ಹೊಸ ಸೀರೆ ಹಾಕಿ ಹೊಲಿಯುತ್ತಾರೆ. ದೊಡ್ಡವ್ವನ ಒಂದು ಕೌದಿ ಹೊಲಿಗೆ ಬಿಚ್ಚಿದಾಗ ಒಳಗೆ ಇನ್ನೊಂದು ಕೌದಿ ಸಿಕ್ಕಿತು. ಯಾರು ಹೊಲಿದದ್ದೋ, ಹೊಲಿಗೆ ಅಕ್ಕಿಕಾಳಿಗಿಂತ ಸಣ್ಣದು.